ಬೆಟ್ಟದಲ್ಲಿ ಗೂಡು, ನಮ್ಮೂರಲ್ಲಿ ಊಟ

ಬೆಂಗಳೂರಿನಿಂದ ಮೈಸೂರಿಗೆ ಹೋಗುವಾಗ ರಾಮನಗರದ ಬಳಿ ದೊಡ್ಡ ಕಲ್ಲುಬೆಟ್ಟಗಳನ್ನು ನೀವು ನೋಡಿರಬಹುದು. ‘ಶೋಲೆ’ ಚಿತ್ರ ತೆಗೆದದ್ದು ಇಲ್ಲೇ ಎಂದು ಮಕ್ಕಳಿಗೆ ತೋರಿಸಿಯೂ ಇರಬಹುದು. ಅದೇ ಬಂಡೆಗಳ ಸಂದಿನಲ್ಲಿ ಗೂಡು ಕಟ್ಟುವ ಒಂದು ಹಕ್ಕಿ ಇದೆ. ಅದೇ ಉದ್ದಕೊಕ್ಕಿನ ರಣಹದ್ದು. 2012ರಲ್ಲಿ ಸರ್ಕಾರ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ಧಾಮವೆಂದು ಘೋಷಿಸಿತು. ಆದರೂ ಅಲ್ಲಿ ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು ಮಾತ್ರ. ಏಕೆ ಹೀಗಾಯಿತು?

ರಣಹದ್ದು ಎಂದರೆ ಮೂಗು ಮುರಿಯುವವರೇ ಹೆಚ್ಚು. ಆದರೆ ಅದು ಬೇಟೆಯಾಡುವ ಹಕ್ಕಿಯಲ್ಲ. ಸತ್ತ ಪ್ರಾಣಿಯೇ ಅದರ ಆಹಾರ. ಹತ್ತಾರು ಹಕ್ಕಿಗಳು ಒಟ್ಟಿಗೆ ಇಳಿದು ಒಂದು ದನದ ಕಳೇಬರವನ್ನು ಕೆಲವೇ ಹೊತ್ತಿನಲ್ಲಿ ತಿಂದು ಮುಗಿಸುತ್ತವೆ. ಅದು ಕೊಳೆತು ರೋಗ ಹರಡಲು ಅವಕಾಶವೇ ಇರುವುದಿಲ್ಲ.

1990ರ ದಶಕದಲ್ಲಿ ದೇಶದ ಎಲ್ಲೆಡೆ ಇವು ಗುಂಪುಗುಂಪಾಗಿ ಸಾಯತೊಡಗಿದವು. 1992ರಿಂದ 2007ರ ನಡುವೆ ಉದ್ದಕೊಕ್ಕಿನ ರಣಹದ್ದುಗಳ ಸಂಖ್ಯೆ ಶೇಕಡಾ 97ರಷ್ಟು ಕುಸಿಯಿತು. ಕಾರಣ ತಿಳಿದದ್ದು 2004ರಲ್ಲಿ. ದನಗಳಿಗೆ ಜ್ವರ, ಬಾವು ಬಂದಾಗ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಚುಚ್ಚುಮದ್ದೇ ಇದಕ್ಕೆ ಕಾರಣವಾಗಿತ್ತು. ಚುಚ್ಚುಮದ್ದು ಪಡೆದ ದನ ಒಂದೆರಡು ದಿನದಲ್ಲಿ ಸತ್ತರೆ ಔಷಧ ಅದರ ಮಾಂಸದಲ್ಲಿ ಉಳಿದಿರುತ್ತದೆ. ಅದನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು ಹಕ್ಕಿ ಸಾಯುತ್ತದೆ. ನೂರು ಕಳೇಬರಗಳಲ್ಲಿ ಒಂದರಲ್ಲಿ ಈ ವಿಷವಿದ್ದರೂ ಇಡೀ ಸಂತತಿ ನಾಶವಾಗಲು ಸಾಕು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಈ ಹಕ್ಕಿಗೆ ಆ ನಷ್ಟ ತುಂಬಿಕೊಳ್ಳುವುದು ಸುಲಭವಲ್ಲ.

ರಣಹದ್ದು ಹೋದರೆ ನಮಗೇನು ಎನ್ನುವಿರಾ? ತಿನ್ನುವವರಿಲ್ಲದ ಕಳೇಬರಗಳಿಂದ ಬೀದಿನಾಯಿಗಳು ಹೆಚ್ಚಿದವು, ನೀರು ಕೆಟ್ಟಿತು. 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, 2000ದಿಂದ 2005ರವರೆಗೆ ಭಾರತದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಿಗೆ ಈ ಹಕ್ಕಿಯ ಕಣ್ಮರೆಯೇ ಕಾರಣ.

ಸರ್ಕಾರ 2006ರಲ್ಲಿ ಜಾನುವಾರುಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು. ಮನುಷ್ಯರ ಔಷಧದ ದೊಡ್ಡ ಬಾಟಲಿಗಳು ಕೊಟ್ಟಿಗೆ ಸೇರುತ್ತಿದ್ದುದರಿಂದ 2015ರಲ್ಲಿ ಅವನ್ನೂ ತಡೆಯಿತು. ರಣಹದ್ದಿಗೆ ಮಾರಕವಾದ ಕೀಟೋಪ್ರೊಫೇನ್ ಮತ್ತು ಅಸೆಕ್ಲೋಫೆನಾಕ್ ಜಾನುವಾರು ಬಳಕೆಗೆ 2023ರಲ್ಲಿ ನಿಷೇಧಗೊಂಡವು.

ಆದರೆ ಬೇಲಿ ಹಾಕಿದ ಬೆಟ್ಟದಲ್ಲಿ ರಣಹದ್ದಿಗೆ ಊಟ ಸಿಗದು. ಆಹಾರಕ್ಕಾಗಿ ಅದು ಹತ್ತಾರು ಕಿಲೋಮೀಟರ್ ಹಾರುತ್ತದೆ. ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಹಳ್ಳಿಗಳೆಲ್ಲ ಆ ಹಾದಿಯಲ್ಲೇ ಇವೆ. ಡೇರಿಗೆ ಹಾಲು ಹಾಕುವ ಮನೆಗಳಲ್ಲಿ ಹಸುವಿನ ಆರೈಕೆ ಹೆಚ್ಚಾಗಿ ಹೆಣ್ಣುಮಕ್ಕಳದೇ. ಆದ್ದರಿಂದ ಈ ಮಾತು ನಿಮಗೇ ಹೇಳಬೇಕು.

ಹಸುವಿಗೆ ಕೆಚ್ಚಲು ಬಾವು ಬಂದರೆ ಅಂಗಡಿಯಿಂದ ಚುಚ್ಚುಮದ್ದು ತರಿಸಬೇಡಿ, ಪಶುವೈದ್ಯರನ್ನೇ ಕರೆಸಿ. ನೋವಿಗೆ ಮೆಲಾಕ್ಸಿಕ್ಯಾಮ್ ಕೊಡಬಹುದೇ ಎಂದು ಕೇಳಿ. ಅದು ರಣಹದ್ದಿಗೆ ಅಪಾಯವಿಲ್ಲದ್ದೆಂದು ಪರೀಕ್ಷೆಗಳಿಂದ ಸಾಬೀತಾಗಿದೆ. ಬೇರೆ ಚುಚ್ಚುಮದ್ದು ಪಡೆದ ಹಸು ಸತ್ತರೆ ಬಯಲಿಗೆ ಎಸೆಯದೆ ಆಳವಾಗಿ ಹೂಳಿಸಿ. ಚಿರತೆಯ ಮೇಲಿನ ಸಿಟ್ಟಿಗೆ ಸತ್ತ ಕರುವಿಗೆ ವಿಷ ಬೆರೆಸುವುದನ್ನು ಕಂಡರೆ ತಡೆಯಿರಿ. ಆ ವಿಷ ಮೊದಲು ತಗಲುವುದು ರಣಹದ್ದಿಗೇ ಇರಬಹುದು.

ಹಸುವಿಗೆ ಯಾವ ಮದ್ದು ಎಂದು ಕೇಳಲು ಒಂದು ನಿಮಿಷ ಸಾಕು. ಈ ಸಲ ವೈದ್ಯರು ಬಂದಾಗ ಕೇಳಿ, ಪಕ್ಕದ ಮನೆಯವರಿಗೂ ತಿಳಿಸಿ.