ಹೆಚ್ಚಾದ ಅಕ್ಕಿ ಮತ್ತು ಮನೆಯ ಬಾಡಿಗೆ

ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅದನ್ನು ಇದ್ದಲ್ಲಿಗೇ ಸುರಿದು ಬರುವಂತೆ ಲಕ್ಕಮ್ಮನವರು ಹೇಳಿದರೆಂಬ ಪ್ರಸಂಗ ಶರಣಚರಿತೆಯನ್ನು ಬಲ್ಲವರೆಲ್ಲರಿಗೂ ಪರಿಚಿತ. ಆ ಅಕ್ಕಿ ಕಳವಿನದಲ್ಲ. ಯಾರೂ ಕೇಳುವವರೂ ಇರಲಿಲ್ಲ. ಆದರೂ ಅದು ಆ ದಿನದ ಕಾಯಕಕ್ಕೆ ಸಲ್ಲತಕ್ಕದ್ದಲ್ಲವೆಂಬುದು ಆ ತಾಯಿಯ ನಿಲುವು. ಇಂದಿನ ಬೆಂಗಳೂರಿನ ಮನೆಬಾಡಿಗೆಯನ್ನು ಈ ಅಳತೆಯಿಂದ ನೋಡುವವರು ವಿರಳ.

ಮಲ್ಲೇಶ್ವರವನ್ನೇ ತೆಗೆದುಕೊಳ್ಳಬಹುದು. 1898ರ ಪ್ಲೇಗ್ ಹಾವಳಿಯ ತರುವಾಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದ ಕುಟುಂಬಗಳು ನೆಲೆಸಿ ಬೆಳೆದ ಬಡಾವಣೆ ಅದು. ಹಿತ್ತಲುಳ್ಳ ದೊಡ್ಡ ಮನೆಗಳ ಜೊತೆಗೇ ವಠಾರಗಳೂ ಅಲ್ಲಿದ್ದವು. ಒಂದೇ ಅಂಗಳ, ಒಂದೇ ನಲ್ಲಿ, ಸಾಲಾಗಿ ನಾಲ್ಕಾರು ಸಂಸಾರಗಳು. ಗುಮಾಸ್ತರು, ಶಾಲಾ ಉಪಾಧ್ಯಾಯರು, ಅಡುಗೆಯವರು ತಮ್ಮ ಸಂಪಾದನೆಗೆ ತಕ್ಕ ಬಾಡಿಗೆಯಲ್ಲಿ ಬಾಳಿದರು. (ವಠಾರದ ಜೀವನ ಸ್ವರ್ಗವೇನೂ ಆಗಿರಲಿಲ್ಲ, ನೀರಿನ ಸರದಿಗಾಗಿ ನಡೆದ ಜಗಳಗಳನ್ನು ಹಿರಿಯರು ಇನ್ನೂ ಮರೆತಿಲ್ಲ.) 2014ರ ಮಾರ್ಚ್‌ನಲ್ಲಿ ಸಂಪಿಗೆ ರಸ್ತೆಯಿಂದ ಪೀಣ್ಯದ ಕಡೆಗೆ ಮೆಟ್ರೋ ಸಂಚಾರ ಆರಂಭವಾಯಿತು. ಹಳೆಯ ಮನೆಗಳು ಒಂದೊಂದಾಗಿ ಉರುಳಿ ಅಪಾರ್ಟ್‌ಮೆಂಟುಗಳು ಎದ್ದವು. ವಠಾರದ ಬಾಡಿಗೆ ಕೊಡುತ್ತಿದ್ದವನಿಗೆ ಅವುಗಳ ಮೆಟ್ಟಿಲು ಹತ್ತುವ ಶಕ್ತಿಯಿಲ್ಲ.

ಇಲ್ಲಿ ವಿವೇಚಿಸಬೇಕಾದ ಸೂಕ್ಷ್ಮವೊಂದಿದೆ. ಮನೆಯೊಡೆಯನು ಸಾಲ ಮಾಡಿ ಕಟ್ಟಿದ, ಕಂದಾಯ ತೆತ್ತ, ಸೋರುವ ತಾರಸಿಯನ್ನು ದುರಸ್ತಿ ಮಾಡಿಸಿದ. ಇದಕ್ಕೆ ಪ್ರತಿಫಲ ನ್ಯಾಯವಾದದ್ದು. ಆದರೆ ಸಮೀಪದಲ್ಲಿ ಮೆಟ್ರೋ ನಿಲ್ದಾಣ ಬಂದುದರಿಂದ ಬಾಡಿಗೆ ಏರಿತಲ್ಲ, ಆ ಏರಿಕೆಯಲ್ಲಿ ಅವನ ಕಾಯಕವೆಷ್ಟು? ನಿಲ್ದಾಣವನ್ನು ಕಟ್ಟಿದ್ದು ಸಮಸ್ತರ ತೆರಿಗೆಯ ಹಣ, ಕಾರ್ಮಿಕರ ಬೆವರು. ಎಂಟನೆಯ ಅಡ್ಡರಸ್ತೆಗೆ ಕಳೆ ತಂದವರು ಬೆಳಗಿನ ಜಾವವೇ ಬಂದು ಹೂವು, ತರಕಾರಿ ಹರಡಿ ಕೂರುವವರು. ಬಡಾವಣೆಯ ಬೆಲೆಯನ್ನು ಹೆಚ್ಚಿಸಿದವರಿಗೇ ಆ ಬೆಲೆ ಮುಳುವಾಗುತ್ತಿದೆ. ಲಕ್ಕಮ್ಮನವರು ಹಿಂದಿರುಗಿಸಿದ ಹೆಚ್ಚಿನ ಅಕ್ಕಿ ಇದೇ ಅಲ್ಲವೇ?

ಬೇಡಿಕೆಯಿರುವಲ್ಲಿ ದರ ಏರುವುದು ಸಹಜ, ಮನೆಗಳ ಸಂಖ್ಯೆ ಹೆಚ್ಚಿದರೆ ತಾನೇ ಇಳಿಯುತ್ತದೆ ಎಂಬ ವಾದವುಂಟು. ಅದರಲ್ಲಿ ಹುರುಳಿದೆ. ಮನೆಗಳನ್ನು ಹೆಚ್ಚಾಗಿ ಕಟ್ಟಲೇಬೇಕು. ಪಿಂಚಣಿಯಿಲ್ಲದ ವೃದ್ಧ ದಂಪತಿಗಳು ಮೇಲಂತಸ್ತಿನ ಬಾಡಿಗೆಯಿಂದಲೇ ಔಷಧಿ ಕೊಳ್ಳುವುದೂ ಉಂಟು. ಅವರನ್ನು ಲೋಭಿಗಳೆನ್ನುವುದು ಅನ್ಯಾಯ. ಆದರೆ ಮುಂಗಡದ ರೂಢಿಗೆ ಇದಾವ ಸಮರ್ಥನೆಯೂ ಸಲ್ಲದು. ಹತ್ತು ತಿಂಗಳ ಬಾಡಿಗೆಯನ್ನು ಮೊದಲೇ ಪಡೆಯುವುದು ಬೆಂಗಳೂರಿನ ಬಹುಕಾಲದ ಪದ್ಧತಿ. ಈಚೆಗೆ ಕೆಲವೆಡೆ ಐದಾರು ತಿಂಗಳಿಗೆ ಇಳಿದಿದೆ. ಬಾಡಿಗೆ 30,000 ರೂಪಾಯಿಯಾದರೆ ಹತ್ತು ತಿಂಗಳ ಮುಂಗಡ 3 ಲಕ್ಷ. ಅದಕ್ಕೆ ಬಡ್ಡಿಯಿಲ್ಲ. ಮನೆ ಬಿಡುವಾಗ ಬಣ್ಣದ ಖರ್ಚೆಂದು ಒಂದು ತಿಂಗಳ ಬಾಡಿಗೆಯನ್ನು ಮುರಿದುಕೊಳ್ಳುವುದು ಬೇರೆ. ತಿಂಗಳ ಬಾಡಿಗೆಯನ್ನು ಹೇಗೋ ಹೊಂದಿಸಬಲ್ಲ ಕುಟುಂಬವೂ ಈ ಮುಂಗಡದ ಹೊಸ್ತಿಲಲ್ಲಿಯೇ ನಿಂತುಬಿಡುತ್ತದೆ.

ಶಾಸನದ ಆಸರೆಯೂ ಅಲ್ಪವೇ. 1999ರ ಕರ್ನಾಟಕ ಬಾಡಿಗೆ ಕಾಯ್ದೆಯು ಜಾರಿಗೆ ಬಂದಾಗಲೇ, ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿರಿಸಿತು. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಮುಂಗಡಕ್ಕೆ ಎರಡು ತಿಂಗಳ ಮಿತಿ ಸೂಚಿಸಿತು. ಮಾದರಿಯೆಂದ ಮೇಲೆ, ರಾಜ್ಯವು ತನ್ನ ಶಾಸನವಾಗಿ ಸ್ವೀಕರಿಸಿದರೆ ಮಾತ್ರ ಅದಕ್ಕೆ ಬಲ. ಎರಡು ತಿಂಗಳ ಆ ಮಿತಿಯಷ್ಟನ್ನಾದರೂ ಕಟ್ಟುನಿಟ್ಟಾಗಿ ಜಾರಿಗೆ ತರುವುದು ಸರ್ಕಾರಕ್ಕೆ ಅಸಾಧ್ಯವೇನಲ್ಲ.

ಮಡಿವಾಳ, ಅಂಬಿಗ ಎಂದು ಕಾಯಕವೇ ಹೆಸರಿನೊಡನೆ ಬೆರೆತವರು ಕಲ್ಯಾಣದಲ್ಲಿ ಎಲ್ಲರ ಸರಿಸಮಾನವಾಗಿ ಕುಳಿತಿದ್ದರು. ಈಗಿನ ಬಡಾವಣೆಗೆ ಮನೆಗೆಲಸದಾಕೆ ಬೇಕು, ಕಾವಲಿನವ ಬೇಕು, ಇಸ್ತ್ರಿಯವ ಬೇಕು; ಸಂಜೆಯಾಗುತ್ತಲೇ ಅವರೆಲ್ಲ ಎರಡು ಬಸ್ಸು ಬದಲಿಸಿ ಊರಂಚಿಗೆ ಹೋಗಬೇಕು. ಹನ್ನೊಂದು ತಿಂಗಳ ಕರಾರು ಮುಗಿದು ಹೊಸ ಪತ್ರ ಬರೆಸುವ ದಿನ, ಬಾಡಿಗೆಯ ಅಂಕಿಯನ್ನು ತುಂಬುವ ಮುನ್ನ, ಇದರಲ್ಲಿ ತನ್ನ ಅಂಗಳದ್ದೆಷ್ಟು, ಊರಿನದ್ದೆಷ್ಟು ಎಂದು ಮನೆಯೊಡೆಯರು ಒಮ್ಮೆ ಲೆಕ್ಕ ಹಾಕಲಿ. ಆ ಲೆಕ್ಕವನ್ನು ಮನೆಯ ಗೃಹಿಣಿಯ ಮುಂದಿಟ್ಟು ಹಾಕಿದರೆ ಇನ್ನೂ ಒಳಿತು.