ಚರ್ಮಗಂಟು ರೋಗ: ದನದ ಮೈಯೊಳಗಿನ ಕಾವಲನ್ನೇ ವಂಚಿಸುವ ವೈರಾಣು

2022ರ ಡಿಸೆಂಬರ್‌ನಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಜಿಲ್ಲಾಡಳಿತ ನಿಷೇಧ ಹೇರಿತು. ಹಳ್ಳಿಕಾರ್ ಎತ್ತುಗಳ ವ್ಯಾಪಾರಕ್ಕೆ ಹೆಸರಾದ ಈ ಜಾತ್ರೆಗೆ ಅಡ್ಡಿಯಾದದ್ದು ಚರ್ಮಗಂಟು ರೋಗ. ರಾಜಘಟ್ಟದಂತಹ ಹಳ್ಳಿಗಳಲ್ಲಿ ಡೇರಿಯ ಬಟವಾಡೆಯನ್ನೇ ನೆಚ್ಚಿದ ಕುಟುಂಬಕ್ಕೆ ಕರೆಯುವ ಹಸು ಮಲಗಿತೆಂದರೆ ಮನೆಯ ಲೆಕ್ಕವೇ ತಪ್ಪುತ್ತದೆ. ಸತ್ತ ಹಸುವಿಗೆ 20 ಸಾವಿರ, ಎತ್ತಿಗೆ 30 ಸಾವಿರ, ಕರುವಿಗೆ 5 ಸಾವಿರ ರೂಪಾಯಿ ಪರಿಹಾರವನ್ನು ರಾಜ್ಯ ಸರ್ಕಾರ ಆಗ ಘೋಷಿಸಿತಾದರೂ, ಅಷ್ಟು ಹಣಕ್ಕೆ ಒಳ್ಳೆಯ ಸೀಮೆಹಸು ಸಿಗುವುದಿಲ್ಲ.

1929ರಲ್ಲಿ ಆಫ್ರಿಕಾದ ಜಾಂಬಿಯಾದಲ್ಲಿ ಮೊದಲು ಗುರುತಿಸಲಾದ ಈ ರೋಗ ಭಾರತದಲ್ಲಿ ಕಾಣಿಸಿಕೊಂಡದ್ದು 2019ರಲ್ಲಿ, ಒಡಿಶಾದಲ್ಲಿ. 2022ರ ಒಂದೇ ವರ್ಷದಲ್ಲಿ ದೇಶದ ಒಂದೂವರೆ ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಅದು ಬಲಿ ತೆಗೆದುಕೊಂಡಿತು. ಗಟ್ಟಿಮುಟ್ಟಾದ ರಾಸುಗಳ ರೋಗನಿರೋಧಕ ಶಕ್ತಿ ಈ ವೈರಾಣುವಿನ ಮುಂದೆ ಸೋಲುವುದೇಕೆ? ಈ ಪ್ರಶ್ನೆಯ ಉತ್ತರದಲ್ಲೇ ರೋಗ ನಿಯಂತ್ರಣದ ದಾರಿಯೂ ಅಡಗಿದೆ.

ಚರ್ಮಗಂಟು ವೈರಾಣು ಸಿಡುಬಿನ ಕುಟುಂಬಕ್ಕೆ ಸೇರಿದ್ದು. ಕುರಿ ಸಿಡುಬು ಮತ್ತು ಮೇಕೆ ಸಿಡುಬಿನ ವೈರಾಣುಗಳು ಇದರ ಹತ್ತಿರದ ಬಂಧುಗಳು. ಕೊರೊನಾ ವೈರಾಣುವಿನ ಆನುವಂಶಿಕ ಬರಹ ಸುಮಾರು 30 ಸಾವಿರ ಅಕ್ಷರಗಳದ್ದಾದರೆ, ಇದರದ್ದು ಸುಮಾರು 1.51 ಲಕ್ಷ ಅಕ್ಷರ, 156 ವಂಶವಾಹಿ. ಇವೆಲ್ಲವೂ ಸಂತಾನವೃದ್ಧಿಗೆ ಮೀಸಲಲ್ಲ. ಬರಹದ ಎರಡೂ ತುದಿಗಳಲ್ಲಿರುವ ಹಲವು ವಂಶವಾಹಿಗಳ ಕೆಲಸ, ಆಶ್ರಯ ಕೊಟ್ಟ ಪ್ರಾಣಿಯ ರಕ್ಷಣಾ ವ್ಯವಸ್ಥೆಯನ್ನು ದಾರಿ ತಪ್ಪಿಸುವುದು.

ಸೋಂಕು ತಗುಲಿದ ದೇಹ 'ಇಂಟರ್ಫೆರಾನ್' ಎಂಬ ಎಚ್ಚರಿಕೆಯ ರಾಸಾಯನಿಕವನ್ನು ಹೊರಡಿಸುತ್ತದೆ. ಅದನ್ನು ಗ್ರಹಿಸುವ ಜೀವಕೋಶದ ಭಾಗವನ್ನೇ ಹೋಲುವ ನಕಲಿಯನ್ನು ಸಿಡುಬಿನ ವೈರಾಣುಗಳು ತಯಾರಿಸುತ್ತವೆ. ಎಚ್ಚರಿಕೆ ನಕಲಿಗೆ ಅಂಟಿಕೊಂಡು ಅಲ್ಲೇ ಮುಗಿಯುತ್ತದೆ. ಜ್ವರ ಮತ್ತು ಉರಿಯೂತಕ್ಕೆ ಕಾರಣವಾಗುವ ಇಂಟರ್ಲ್ಯೂಕಿನ್-1 ಅನ್ನು ಹಿಡಿದಿಡಲು ಇನ್ನೊಂದು ಪ್ರೋಟೀನ್ ಇದೆ. ಹೋರಾಟ ಸಾಕು ಎಂದು ದೇಹವೇ ಕಳುಹಿಸುವ ಇಂಟರ್ಲ್ಯೂಕಿನ್-10ರ ಸಂದೇಶದ ನಕಲೂ ಚರ್ಮಗಂಟು ವೈರಾಣುವಿನ ಬಳಿಯಿದೆ. ಇಂತಹ ತಂತ್ರಗಳ ವಿವರವಾದ ಅಧ್ಯಯನ ನಡೆದಿರುವುದು ಸಿಡುಬಿನ ಲಸಿಕೆಗೆ ಬಳಸಿದ ವ್ಯಾಕ್ಸೀನಿಯಾ ವೈರಾಣುವಿನಲ್ಲಿ. ಅದೇ ಮಾದರಿಯ ವಂಶವಾಹಿಗಳು ಚರ್ಮಗಂಟು ವೈರಾಣುವಿನಲ್ಲಿಯೂ ಪತ್ತೆಯಾಗಿವೆ.

ಇದರ ಅರ್ಥ ಸ್ಪಷ್ಟ. ದನದ ಮೈಮೇಲೆ ಗಂಟುಗಳು ಕಾಣಿಸುವ ವೇಳೆಗೆ ಮೊದಲ ಸುತ್ತಿನ ಕದನದಲ್ಲಿ ವೈರಾಣು ಮುಂದೆ ಸಾಗಿರುತ್ತದೆ. ಆ್ಯಂಟಿಬಯೋಟಿಕ್ ಚುಚ್ಚುಮದ್ದು ಹುಣ್ಣುಗಳಲ್ಲಿ ಸೇರುವ ಬ್ಯಾಕ್ಟೀರಿಯಾವನ್ನು ತಡೆದೀತೇ ಹೊರತು ವೈರಾಣುವನ್ನಲ್ಲ. ಸೊಳ್ಳೆ, ಕಚ್ಚುವ ನೊಣ ಮತ್ತು ಉಣ್ಣೆಗಳ ಮೂಲಕ ರೋಗ ಕೊಟ್ಟಿಗೆಯಿಂದ ಕೊಟ್ಟಿಗೆಗೆ ಹರಡುವುದರಿಂದ, ರೋಗ ಕಂಡ ಮೇಲೆ ಓಡಾಡುವುದು ತಡವಾದ ಕ್ರಮವೇ ಸರಿ. ಮುಂಚಿತವಾಗಿ ಲಸಿಕೆ ಪಡೆದ ರಾಸುವಿನಲ್ಲಿ ಮಾತ್ರ ಶತ್ರುವನ್ನು ಗುರುತಿಸುವ ಸೇನೆ ಮೊದಲೇ ಸಜ್ಜಾಗಿರುತ್ತದೆ. ವಂಚನೆಗೆ ಅವಕಾಶ ಕಡಿಮೆಯಾಗುತ್ತದೆ.

2022ರಲ್ಲಿ ಹಸುಗಳಿಗೆ ಹಾಕಲಾದದ್ದು ಮೇಕೆ ಸಿಡುಬಿನ ಲಸಿಕೆ. ಅದೇ ವರ್ಷದ ಆಗಸ್ಟ್‌ನಲ್ಲಿ ಹಿಸಾರ್‌ನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮತ್ತು ಇಜ್ಜತ್‌ನಗರದ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಸೇರಿ 'ಲಂಪಿ ಪ್ರೊವ್ಯಾಕ್‌ಇಂಡ್' ಎಂಬ ಲಸಿಕೆಯನ್ನು ಪ್ರಕಟಿಸಿದವು. ಇದು ಚರ್ಮಗಂಟು ವೈರಾಣುವನ್ನೇ ಪ್ರಯೋಗಾಲಯದ ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿ ಬಲಗುಂದಿಸಿದ ಲಸಿಕೆ. 2025ರ ಫೆಬ್ರುವರಿಯಲ್ಲಿ ಕೋಲಾರ ಜಿಲ್ಲೆ ಮಾಲೂರಿನ ಬಯೋವೆಟ್ ಸಂಸ್ಥೆಯ 'ಬಯೋಲಂಪಿವ್ಯಾಕ್ಸಿನ್'ಗೆ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಪರವಾನಗಿ ದೊರೆಯಿತು. ಲಸಿಕೆ ಪಡೆದ ದನ ಯಾವುದು, ರೋಗ ತಗುಲಿದ ದನ ಯಾವುದು ಎಂದು ರಕ್ತ ಪರೀಕ್ಷೆಯಿಂದ ಬೇರ್ಪಡಿಸಲು ಇದರಿಂದ ಸಾಧ್ಯ. ದನಗಳ ಸಂತೆ, ಜಾತ್ರೆ ನಿಲ್ಲದೆ ನಡೆಯಬೇಕಾದರೆ ಇದು ಸಣ್ಣ ಅನುಕೂಲವಲ್ಲ.

ಆದರೆ ವೈರಾಣುವೂ ಸುಮ್ಮನೆ ಕುಳಿತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಉತ್ಪಲ್ ಟಾಟು ಅವರ ತಂಡ 2022ರ ಪಿಡುಗಿನ 22 ಮಾದರಿಗಳನ್ನು ಪರಿಶೀಲಿಸಿದಾಗ 1,800ಕ್ಕೂ ಹೆಚ್ಚು ಆನುವಂಶಿಕ ವ್ಯತ್ಯಾಸಗಳು ಕಂಡುಬಂದವು. ಪ್ರಾಣಿಯ ರೋಗನಿರೋಧಕ ಶಕ್ತಿಯನ್ನು ವಂಚಿಸುವ ವಂಶವಾಹಿಗಳಲ್ಲಿಯೂ ಬದಲಾವಣೆಗಳಿದ್ದವು. 2017ರಿಂದೀಚೆಗೆ ರಷ್ಯಾದಲ್ಲಿ ಲಸಿಕೆಯ ತಳಿ ಮತ್ತು ಕಾಡು ತಳಿ ಬೆರೆತ ವೈರಾಣುಗಳೂ ಪತ್ತೆಯಾಗಿವೆ. ಹಾಗಾಗಿ ಲಸಿಕೆ ಹಾಕಿಸಿದರಷ್ಟೇ ಸಾಲದು, ಅದರ ಗುಣಮಟ್ಟದ ಮೇಲೆಯೂ ವೈರಾಣುವಿನ ಮೇಲೆಯೂ ನಿರಂತರ ನಿಗಾ ಬೇಕು.

ಈ ರೋಗ ಮನುಷ್ಯರಿಗೆ ಹರಡುವುದಿಲ್ಲ. ಕಾಯಿಸಿದ ಹಾಲಿಗೆ ಹೆದರಬೇಕಾದ ಕಾರಣವೂ ಇಲ್ಲ. ಹಾಗೆಂದು ಇದು ಹಳ್ಳಿಯ ತಾಪತ್ರಯ ಮಾತ್ರ ಎಂದು ನಗರದವರು ಕೈತೊಳೆದುಕೊಳ್ಳುವಂತಿಲ್ಲ. ಬೆಂಗಳೂರಿನ ಬೆಳಗಿನ ಹಾಲು ಬರುವುದು ಇದೇ ಕೊಟ್ಟಿಗೆಗಳಿಂದ. ಸಾವುಗಳನ್ನು ಎಣಿಸಿ ಪರಿಹಾರ ಹಂಚುವುದಕ್ಕಿಂತ, ಮಳೆಗಾಲದಲ್ಲಿ ಸೊಳ್ಳೆ, ನೊಣ ಹೆಚ್ಚುವ ಮುನ್ನವೇ ಪ್ರತಿ ವರ್ಷ ಪ್ರತಿ ರಾಸುವಿಗೂ ಲಸಿಕೆ ತಲುಪಿಸುವುದು ಸರ್ಕಾರಕ್ಕೆ ಅಗ್ಗ, ರೈತನಿಗೆ ಕ್ಷೇಮ. ಪಶುಪಾಲನಾ ಇಲಾಖೆ ಇದನ್ನು ತುರ್ತುಕ್ರಮವೆಂದಲ್ಲ, ವಾಡಿಕೆಯ ಕೆಲಸವೆಂದು ಪರಿಗಣಿಸಬೇಕು.