ಗೂಗಲ್ ದಂಡನೆ: ದೊಡ್ಡವರಿಗೆ ಹತ್ತು ದಿನ, ಹೂಡೆಗೆ ಇಡೀ ಸೀಸನ್

ಕೆಮ್ಮಣ್ಣು ದಾಟಿ ಪಡುವಣಕ್ಕೆ ಹೋದರೆ ಹೂಡೆ. ಅಲ್ಲಿಂದ ಕೋಡಿಬೆಂಗ್ರೆಯ ಅಳಿವೆವರೆಗೆ ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ಸ್ವರ್ಣಾ ಹೊಳೆ, ನಡುವಿನ ಮರಳಪಟ್ಟಿಯ ಮೇಲೆ ತೆಂಗಿನ ತೋಟಗಳು ಮತ್ತು ಹೋಂಸ್ಟೇಗಳು. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಇಲ್ಲಿ ಸೀಸನ್. ಮಣಿಪಾಲದ ವಿದ್ಯಾರ್ಥಿಗಳು ವಾರಾಂತ್ಯಕ್ಕೆ ಬರುತ್ತಾರೆ, ಬೆಂಗಳೂರಿನ ಸಂಸಾರಗಳು ಸಾಲು ರಜೆಗೆ ಬರುತ್ತವೆ. ಜೂನ್‌ನಲ್ಲಿ ಮಳೆ ಹಿಡಿದರೆ ಕಯಾಕ್ ದಡಕ್ಕೆ ಏರಬೇಕು, ಕೋಣೆಗೆ ಬೀಗ ಬೀಳಬೇಕು. ವರ್ಷದ ದುಡಿಮೆಯೆಲ್ಲ ಆ ಏಳೆಂಟು ತಿಂಗಳಲ್ಲೇ ಆಗಬೇಕು.

ಹೊರಗಿನ ಅತಿಥಿಗಳಲ್ಲಿ ಬಹುಪಾಲು ಮಂದಿ ಈ ಜಾಗವನ್ನು ಮೊದಲು ಕಾಣುವುದು ಮೊಬೈಲಿನ ಪರದೆಯಲ್ಲಿ. ಭಾರತದಲ್ಲಿ ನಡೆಯುವ ಅಂತರ್ಜಾಲ ಹುಡುಕಾಟದಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಪಾಲು ಗೂಗಲ್‌ನದು. ಇಂಥ ಕಡೆ ಒಂದು ಹೋಂಸ್ಟೇಯ ವೆಬ್‌ಸೈಟ್ ನವೆಂಬರ್‌ನಲ್ಲಿ ಮೊದಲ ಪುಟದಿಂದ ಐದನೇ ಪುಟಕ್ಕೆ ಜಾರಿತೆಂದುಕೊಳ್ಳಿ. ಮಾಲೀಕರಿಗೆ ಗೊತ್ತಾಗುವುದು ಫೋನ್ ರಿಂಗಣಿಸದೆ ಹೋದಾಗ. ‘ಗೂಗಲ್ ಬ್ಯಾನ್ ಮಾಡಿದೆ’ ಎಂಬ ಒಂದೇ ಮಾತಿನಲ್ಲಿ ವಿಷಯ ಮುಗಿದುಬಿಡುತ್ತದೆ. ಆದರೆ ಆ ಮಾತಿನೊಳಗೆ ಬೇರೆ ಬೇರೆ ಸಂಗತಿಗಳು ಅಡಗಿವೆ. ಅವನ್ನು ಬಿಡಿಸಿ ನೋಡದೆ ಪರಿಹಾರಕ್ಕೆ ಹೊರಟರೆ ಹಣವೂ ಹೋಗುತ್ತದೆ, ಸೀಸನ್ನೂ ಹೋಗುತ್ತದೆ.

ಗೂಗಲ್ ನಿಜಕ್ಕೂ ‘ದಂಡನೆ’ ವಿಧಿಸುವುದು ಒಂದು ಸಂದರ್ಭದಲ್ಲಿ ಮಾತ್ರ. ಅದರ ಸಿಬ್ಬಂದಿಯೊಬ್ಬರು ತಾಣವನ್ನು ಪರಿಶೀಲಿಸಿ, ನಿಯಮ ಮುರಿದಿದೆ ಎಂದು ನಿರ್ಧರಿಸಿದಾಗ. ಇದಕ್ಕೆ ಮ್ಯಾನುಯಲ್ ಆ್ಯಕ್ಷನ್ ಎನ್ನುತ್ತಾರೆ. ತಪ್ಪು ಯಾವ ಬಗೆಯದು ಎಂಬುದು ಸರ್ಚ್ ಕನ್ಸೋಲ್ ಎಂಬ ಉಚಿತ ಸೌಲಭ್ಯದಲ್ಲಿ ಕಾಣುತ್ತದೆ. ಸರಿಪಡಿಸಿ ಮರುಪರಿಶೀಲನೆಗೆ ಅರ್ಜಿ ಹಾಕಬಹುದು, ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಉತ್ತರವೂ ಬರುತ್ತದೆ. ಆದರೆ ಆ ನೋಟಿಸು ತಲುಪುವುದು ಸರ್ಚ್ ಕನ್ಸೋಲ್‌ನಲ್ಲಿ ನೋಂದಣಿಯಾದ ಇಮೇಲಿಗೆ. ಸಣ್ಣ ಉದ್ಯಮಗಳಲ್ಲಿ ಆ ಖಾತೆ ಎಷ್ಟೋ ಸಲ ಸೈಟ್ ಮಾಡಿಕೊಟ್ಟು ಹೋದ ಏಜೆನ್ಸಿಯವರ ಹೆಸರಿನಲ್ಲಿರುತ್ತದೆ. ತಪ್ಪು ಮಾಡಿಸಿದವನ ಕೈಗೇ ಸಮನ್ಸು, ಶಿಕ್ಷೆ ಮಾತ್ರ ಮಾಲೀಕರಿಗೆ.

ತಪ್ಪು ಮಾಡಿಸಿದವನು ಎಂಬ ಮಾತು ಸ್ವಲ್ಪ ಖಾರವೇ. ಆದರೂ ‘ತಿಂಗಳಿಗೆ ಇಷ್ಟು ಕೊಡಿ, ಸಾವಿರ ಬ್ಯಾಕ್‌ಲಿಂಕ್ ಹಾಕಿಸುತ್ತೇವೆ’ ಎಂಬ ಪ್ಯಾಕೇಜು ಈಗಲೂ ಮಾರಾಟವಾಗುತ್ತಿದೆ. ಬೇರೆ ತಾಣಗಳು ಕೊಡುವ ಕೊಂಡಿಯನ್ನು ಗೂಗಲ್ ಮೊದಲಿನಿಂದಲೂ ಒಂದು ಬಗೆಯ ಶಿಫಾರಸಾಗಿ ಪರಿಗಣಿಸಿತು. ಶಿಫಾರಸಿಗೆ ಬೆಲೆ ಬಂದ ಕೂಡಲೇ ಅದನ್ನು ಮಾರುವ ಅಂಗಡಿಗಳೂ ತೆರೆದವು. 2012ರ ಏಪ್ರಿಲ್ 24ರಂದು ಬಂದ, ಪೆಂಗ್ವಿನ್ ಎಂಬ ಅಲ್ಗಾರಿದಂ ಪರಿಷ್ಕರಣೆ ಈ ಅಂಗಡಿಗಳ ಮೇಲಿನ ದಾಳಿ. ಕೊಂಡಿ ಕೊಂಡ ತಾಣಗಳು ರಾತ್ರೋರಾತ್ರಿ ಕುಸಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಬೇಡದ ಕೊಂಡಿಗಳನ್ನು ‘ಇವು ನನ್ನವಲ್ಲ’ ಎಂದು ತಿಳಿಸುವ ಡಿಸ್‌ಅವೌ ಸೌಲಭ್ಯ ಬಂತು. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಸ್ವರೂಪವೇ ಬದಲಾಗಿದೆ. ಕೆಟ್ಟ ಕೊಂಡಿಗೆ ತಾಣವನ್ನು ಕೆಳಕ್ಕೆ ತಳ್ಳುವ ಬದಲು ಆ ಕೊಂಡಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬಿಡುವುದು ಈಗಿನ ರೀತಿ. ಬಹುತೇಕ ತಾಣಗಳಿಗೆ ಡಿಸ್‌ಅವೌ ಅಗತ್ಯವೇ ಇಲ್ಲವೆಂದು ಗೂಗಲ್ ಹೇಳುತ್ತಲೇ ಬಂದಿದೆ. ಆದರೂ ‘ವಿಷಕಾರಿ ಲಿಂಕ್ ತೆಗೆದುಕೊಡುತ್ತೇವೆ’ ಎಂಬ ಸೇವೆಗೆ ಗಿರಾಕಿಗಳು ಕಡಿಮೆಯಾಗಿಲ್ಲ. ಕೊಂಡಿ ಮಾರಿದ ಅಂಗಡಿಯೇ ಈಗ ಕೊಂಡಿ ಕೀಳುವ ಅಂಗಡಿ.

ಇನ್ನೊಂದು ಬಗೆಯ ಕುಸಿತಕ್ಕೆ ಕನ್ನ ಕಾರಣ. ವರ್ಷಗಟ್ಟಲೆ ಅಪ್‌ಡೇಟ್ ಕಾಣದ ವರ್ಡ್‌ಪ್ರೆಸ್ ತಾಣದೊಳಗೆ ಯಾರೋ ನುಗ್ಗಿ ಬೆಟ್ಟಿಂಗ್ ಅಥವಾ ನಕಲಿ ಔಷಧಿಯ ನೂರಾರು ಪುಟಗಳನ್ನು ತುರುಕುತ್ತಾರೆ. ಮಾಲೀಕರು ವಿಳಾಸ ಒತ್ತಿ ನೋಡಿದರೆ ಎಲ್ಲವೂ ಸರಿಯಾಗೇ ಕಾಣುತ್ತದೆ, ಗೂಗಲ್ ಮೂಲಕ ಬಂದವರಿಗೆ ಮಾತ್ರ ಜೂಜಿನ ಪುಟ. 2024ರಲ್ಲಿ ಕರ್ನಾಟಕವೂ ಸೇರಿ ಹಲವು ರಾಜ್ಯಗಳ ಸರ್ಕಾರಿ ವೆಬ್ ವಿಳಾಸಗಳೇ ಬೆಟ್ಟಿಂಗ್ ತಾಣಗಳಿಗೆ ಒಯ್ಯುತ್ತಿದ್ದುದು ವರದಿಯಾಗಿತ್ತು. ಸರ್ಕಾರಕ್ಕೇ ಆ ಗತಿಯಾದರೆ ನಾಲ್ಕು ಕೋಣೆಯ ಹೋಂಸ್ಟೇಯನ್ನು ಕೇಳುವುದೇನು? ಸಮಾಧಾನದ ಸಂಗತಿಯೆಂದರೆ, ಇದನ್ನು ಸ್ವಚ್ಛಗೊಳಿಸುವ ದಾರಿ ಸ್ಪಷ್ಟವಾಗಿದೆ.

ಸ್ಪಷ್ಟತೆಯೇ ಇಲ್ಲದ್ದು ಅಲ್ಗಾರಿದಂ ಬದಲಾವಣೆಯಿಂದ ಆಗುವ ಕುಸಿತ. ಗೂಗಲ್ ಇದನ್ನು ದಂಡನೆ ಎನ್ನುವುದಿಲ್ಲ, ಮರುಮೌಲ್ಯಮಾಪನ ಎನ್ನುತ್ತದೆ. ಹಾಗಾಗಿ ನೋಟಿಸಿಲ್ಲ, ಮೇಲ್ಮನವಿಯೂ ಇಲ್ಲ. 2024ರ ಮಾರ್ಚ್ 5ರಂದು ಶುರುವಾದ, ಕೋರ್ ಅಪ್‌ಡೇಟ್ ಎಂಬ ಇಂಥ ದೊಡ್ಡ ಬದಲಾವಣೆ ಪೂರ್ತಿಯಾಗಲು 45 ದಿನ ಹಿಡಿಯಿತು. ಏರಿಳಿತ ನಿಲ್ಲುವವರೆಗೆ ಕಾಯಬೇಕು, ಪುಟ ಸುಧಾರಿಸಬೇಕು, ಆಮೇಲೆ ಹಲವು ಸಲ ಮುಂದಿನ ದೊಡ್ಡ ಅಪ್‌ಡೇಟ್‌ಗಾಗಿ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಆಗಲೂ ಹಳೆಯ ಜಾಗ ಸಿಕ್ಕೇ ಸಿಗುತ್ತದೆಂಬ ಖಾತರಿಯಿಲ್ಲ. ನವೆಂಬರ್‌ನಲ್ಲಿ ಬಿದ್ದ ಹೂಡೆಯ ತಾಣ ಮೇಲೆದ್ದು ಕೂರುವ ಹೊತ್ತಿಗೆ ಕಡಲತೀರದಲ್ಲಿ ಗಾಳಿಮಳೆ.

ದೊಡ್ಡವರ ಕ್ಯಾಲೆಂಡರ್ ಬೇರೆ. 2006ರಲ್ಲಿ ಬಿಎಂಡಬ್ಲ್ಯು ಕಂಪನಿಯ ಜರ್ಮನ್ ತಾಣ ಗೂಗಲ್‌ಗೊಂದು ಪುಟ, ಓದುಗರಿಗೊಂದು ಪುಟ ತೋರಿಸಿ ಸಿಕ್ಕಿಬಿತ್ತು. ಗೂಗಲ್‌ನ ಹುಡುಕಾಟದ ಸೂಚಿಯಿಂದಲೇ ಹೊರಬಿದ್ದರೂ ಕೆಲವೇ ದಿನಗಳಲ್ಲಿ ಒಳಗೆ ಬಂತು. 2013ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಹೂವಿನ ಕಂಪನಿ ಇಂಟರ್‌ಫ್ಲೋರಾ ತನ್ನ ಹೆಸರನ್ನೇ ಹುಡುಕಿದರೂ ಸಿಗದಂತಾಯಿತು, 11 ದಿನಕ್ಕೆ ಮರಳಿತು, ಅಲ್ಲಿನ ತಾಯಂದಿರ ದಿನದ ವ್ಯಾಪಾರಕ್ಕೆ ಸರಿಯಾಗಿ. ಹಾಡುಗಳ ಸಾಲುಗಳಿಗೆ ಟಿಪ್ಪಣಿ ಬರೆಯುವ ರ‍್ಯಾಪ್ ಜೀನಿಯಸ್ 2013ರ ಕ್ರಿಸ್‌ಮಸ್ ದಿನ ಬಿದ್ದು, 2014ರ ಜನವರಿ 4ಕ್ಕೆ ಎದ್ದಿತು. ಗೂಗಲ್ ತನ್ನದೇ ಕ್ರೋಮ್ ಪುಟವನ್ನು 2012ರಲ್ಲಿ 60 ದಿನ ಕೆಳಗಿಟ್ಟದ್ದೂ ಉಂಟು, ಅದನ್ನು ಮರೆಯಬಾರದು. ಆದರೆ ರ‍್ಯಾಪ್ ಜೀನಿಯಸ್‌ ಬಳಿ ಕೆಟ್ಟ ಕೊಂಡಿಗಳನ್ನು ಪತ್ತೆಹಚ್ಚಿ ಕೀಳಿಸಲು ಎಂಜಿನಿಯರುಗಳ ತಂಡವಿತ್ತು, ಸುದ್ದಿ ಮಾಡಲು ಮಾಧ್ಯಮವಿತ್ತು. ಇವರೆಲ್ಲರ ತಪ್ಪು ಸಾಬೀತಾಗಿತ್ತು. ತಪ್ಪು ಯಾವುದೆಂದು ತಿಳಿದವರು ಬೇಗ ಬಿಡುಗಡೆಯಾಗುತ್ತಾರೆ, ತಪ್ಪಿದೆಯೋ ಇಲ್ಲವೋ ಎಂದೇ ತಿಳಿಯದವರು ಕಾಯುತ್ತಾರೆ. ನನ್ನ ತಕರಾರು ಇಲ್ಲೇ ಇರುವುದು.

ಈ ಯಂತ್ರದ ಮುಂದೆ ಕನ್ನಡಿಗರು ಒಮ್ಮೆ ಗೆದ್ದಿದ್ದಾರೆ, ಅರ್ಧ. 2021ರ ಜೂನ್ ಮೊದಲ ವಾರ. ಭಾರತದ ಅತಿ ಕುರೂಪಿ ಭಾಷೆ ಯಾವುದು ಎಂಬ ಕಿಡಿಗೇಡಿ ಪ್ರಶ್ನೆಗೆ ಗೂಗಲ್ ಕನ್ನಡ ಎಂದು ತೋರಿಸಿತು. ಆಗಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಎಚ್‌.ಡಿ. ಕುಮಾರಸ್ವಾಮಿ ಖಂಡಿಸಿದರು, ಸಂಸದ ಪಿ.ಸಿ. ಮೋಹನ್ ಕ್ಷಮೆಗೆ ಒತ್ತಾಯಿಸಿದರು. ಜೂನ್ 3ರ ಹೊತ್ತಿಗೆ ಆ ಉತ್ತರ ಮಾಯವಾಗಿ, ಗೂಗಲ್ ಕ್ಷಮೆ ಕೇಳಿತು. ನಮಗೆ ತೃಪ್ತಿಯಾಯಿತು, ಮನೆಗೆ ಹೋದೆವು. ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಕೇಳಲಿಲ್ಲ. ಆ ಉತ್ತರ ಗೂಗಲ್‌ನ ಸ್ವಂತದ್ದಲ್ಲ. ಸಾಲ ತೀರಿಸುವ ವಿಷಯದ ಹೆಸರಿಟ್ಟುಕೊಂಡ, ಭಾಷೆಗೂ ತನಗೂ ಸಂಬಂಧವೇ ಇಲ್ಲದ ಒಂದು ಇಂಗ್ಲಿಷ್ ತಾಣದಿಂದ ಎತ್ತಿದ್ದು. ಹಾದಿಹೋಕರ ಹುಡುಕಾಟ ಹಿಡಿಯಲೆಂದೇ ಹೆಣೆದ ಅಂಥ ಪುಟ ಎಲ್ಲರಿಗಿಂತ ಮೇಲೆ, ಚೌಕಟ್ಟಿನೊಳಗೆ, ಖಚಿತ ಉತ್ತರವಾಗಿ ಕೂತದ್ದು ಯಾವ ಅರ್ಹತೆಯಿಂದ? ಕಸವನ್ನು ಮೇಲಕ್ಕೆತ್ತುವ ತಕ್ಕಡಿಯೇ ಸಾಚಾ ತಾಣವನ್ನು ಕೆಳಕ್ಕಿಳಿಸುವುದೂ ಹೌದಲ್ಲವೇ? ಆ ಪ್ರಶ್ನೆ ಹಾಕಿದ್ದರೆ ಭಾಷಾಭಿಮಾನದ ಒಂದು ದಿನದ ಬಿಸಿ ಒಂದು ನೀತಿಯ ಚರ್ಚೆಯಾಗುತ್ತಿತ್ತು.

ಚರ್ಚೆಗೆ ನೆಲೆ ಇದ್ದೇ ಇದೆ. 2012ರಲ್ಲಿ ಮ್ಯಾಟ್ರಿಮೊನಿ ಡಾಟ್ ಕಾಮ್ ಕೊಟ್ಟ ದೂರನ್ನೂ ಒಳಗೊಂಡ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2018ರ ಫೆಬ್ರುವರಿಯಲ್ಲಿ ಗೂಗಲ್‌ಗೆ ₹135.86 ಕೋಟಿ ದಂಡ ಹಾಕಿತು. ಹುಡುಕಾಟದ ಪುಟದಲ್ಲಿ ಪಕ್ಷಪಾತ ಸಾಧ್ಯ, ಅದನ್ನು ಪ್ರಶ್ನಿಸಲೂ ಸಾಧ್ಯ ಎಂಬುದು ಅಲ್ಲಿಗೆ ದಾಖಲಾಯಿತು. ಯುರೋಪಿನಲ್ಲಿ 2020ರ ಜುಲೈನಿಂದ ಜಾರಿಯಲ್ಲಿರುವ ನಿಯಮದಂತೆ, ಶ್ರೇಣಿ ನಿರ್ಧರಿಸುವ ಮುಖ್ಯ ಮಾನದಂಡಗಳನ್ನು ಶೋಧ ಯಂತ್ರಗಳು ಬಹಿರಂಗವಾಗಿ ಹೇಳಬೇಕು. ನಮ್ಮಲ್ಲಿ ಡಿಜಿಟಲ್ ಸ್ಪರ್ಧಾ ಮಸೂದೆಯ ಕರಡು 2024ರ ಮಾರ್ಚ್‌ನಲ್ಲಿ ಹೊರಬಂತು. ಅದರ ಸುತ್ತಲಿನ ಗದ್ದಲವೆಲ್ಲ ದೊಡ್ಡ ಕಂಪನಿಗಳ ಜಗಳದ್ದು. ಸಣ್ಣ ತಾಣದ ಮಾಲೀಕರಿಗೆ ‘ನಿನ್ನ ಪುಟ ಇಂಥ ಕಾರಣಕ್ಕೆ ಇಳಿಯಿತು’ ಎಂಬ ಒಂದು ಸಾಲಿನ ಹಕ್ಕು ಸಿಗಬೇಕೆಂದು ಕೇಳಿದವರು ವಿರಳ.

ಗುಟ್ಟು ಬಿಟ್ಟುಕೊಟ್ಟರೆ ವಂಚಕರಿಗೆ ದಾರಿ ತೋರಿಸಿದಂತೆ ಎಂಬುದು ಗೂಗಲ್‌ನ ವಾದ. ಅದರಲ್ಲಿ ಹುರುಳಿದೆ. ಸೂತ್ರವನ್ನು ಪೂರ್ತಿ ತೆರೆದಿಟ್ಟರೆ ಮಾರನೇ ದಿನವೇ ಬ್ಯಾಕ್‌ಲಿಂಕ್ ಅಂಗಡಿಗಳು ಹೊಸ ಪ್ಯಾಕೇಜು ಬಿಡುತ್ತವೆ. ಆದರೆ ಕಾರಣ ಹೇಳುವುದು ಸೂತ್ರ ಬಿಟ್ಟುಕೊಟ್ಟಂತಲ್ಲ. ಮ್ಯಾನುಯಲ್ ಆ್ಯಕ್ಷನ್‌ನಲ್ಲಿ ಗೂಗಲ್ ಕಾರಣ ಹೇಳುತ್ತಲೇ ಇದೆ, ಅದರಿಂದ ಶೋಧ ಯಂತ್ರವೇನೂ ಕುಸಿದುಬಿದ್ದಿಲ್ಲ.

ಕಾರಣ ಕೇಳುವ ಆ ಹಕ್ಕು ಸಿಗುವವರೆಗೆ ಹೂಡೆಯವರು ಮಾಡಬಹುದಾದ್ದು ಮಳೆಗಾಲದ ಕೆಲಸ. ಸರ್ಚ್ ಕನ್ಸೋಲ್ ಮತ್ತು ಡೊಮೈನ್ ಎರಡೂ ಯಾರ ಹೆಸರಿನಲ್ಲಿವೆ ಎಂದು ನೋಡಿ, ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಸಂದರ್ಶಕರು ಯಾವ ದಿನದಿಂದ ಇಳಿದರು ಎಂಬುದನ್ನು ಗೂಗಲ್ ಪ್ರಕಟಿಸುವ ಅಪ್‌ಡೇಟ್ ದಿನಾಂಕಗಳ ಪಕ್ಕ ಇಟ್ಟು ನೋಡಬೇಕು. ತಾಳೆಯಾಗದಿದ್ದರೆ ಕಾರಣ ಬೇರೆ, ಬಹುಶಃ ಮೇಲೆ ಜಾಹೀರಾತು ಕೊಟ್ಟು ಕೂತ ಬುಕಿಂಗ್ ಕಂಪನಿಗಳು. ನೂರು ರೆಸಾರ್ಟುಗಳು ಬರೆದ ‘ಪ್ರಕೃತಿಯ ಮಡಿಲಲ್ಲಿ’ ಪುಟವನ್ನು ಕಿತ್ತು, ಕಾಂಡ್ಲಾ ಕಾಡಿನೊಳಗೆ ಕಯಾಕ್ ಹೋಗಲು ಉಬ್ಬರ ಎಷ್ಟಿರಬೇಕು, ಉಡುಪಿಯಿಂದ ಬಸ್ ಎಲ್ಲಿ ಇಳಿಸುತ್ತದೆ, ಕೋಡಿಬೆಂಗ್ರೆಯಲ್ಲಿ ಈಜಬಾರದ ಜಾಗ ಯಾವುದು ಎಂದು ಬರೆಯಬೇಕು, ಕನ್ನಡದಲ್ಲೂ. ಇದನ್ನು ಬೆಂಗಳೂರಿನ ಏಜೆನ್ಸಿ ಬರೆಯಲಾರದು. ಹಳೆಯ ಅತಿಥಿಗಳ ಫೋನ್ ನಂಬರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಇನ್ನೂ ಒಳ್ಳೆಯದು, ಆ ಪಟ್ಟಿಗೆ ಯಾವ ಅಪ್‌ಡೇಟ್ ಕೂಡ ತಾಗುವುದಿಲ್ಲ.